ಹೊಲದ ವಾರಸು ಮತ್ತು ಕಾನೂನು ನೆರವು

(ಮರಿಯಮ್ಮನಹಳ್ಳಿಯಲ್ಲಿ ನಡೆದ ರೈತ ತರಬೇತಿ ಶಿಬಿರದಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಈ ಶಿಬಿರದಲ್ಲಿ ನನಗೆ ಗೊತ್ತುಮಾಡಿಕೊಟ್ಟಿರುವ ವಿಷಯ ಮೆಕ್ಕೆಜೋಳಕ್ಕೆ ಗೊಬ್ಬರ ಕೊಡುವ ಕ್ರಮ. ಅದನ್ನು ಊಟವಾದ ಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ಅಧ್ಯಕ್ಷರ ಅಪ್ಪಣೆ ಪಡೆದು, ನನ್ನ ಶಾಸ್ತ್ರಕ್ಕೆ ಸೇರದ ಒಂದು ಮಾತನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಿನ್ನೆ ಸಂಜೆ ಹಿನ್ನೀರಿನ ಕಡೆಯ ಹೊಲಗಳನ್ನು ನೋಡಲು ಹೋಗಿದ್ದೆ. ಒಬ್ಬ ರೈತರು ತಮ್ಮ ಮೂರೂವರೆ ಎಕರೆಗೆ ಹನಿ ನೀರಾವರಿ ಹಾಕಿಸಲು ಸಹಾಯಧನ ಸಿಗುತ್ತದೆಯೇ ಎಂದು ಕೇಳಿದರು. ಪಹಣಿ ತೋರಿಸಿ ಎಂದೆ. ಪಹಣಿಯಲ್ಲಿದ್ದ ಹೆಸರು ಅವರ ಅಜ್ಜನದು. ಅಜ್ಜ ತೀರಿಕೊಂಡು ಇಪ್ಪತ್ತೆಂಟು ವರ್ಷವಾಗಿದೆ. ತಂದೆಯೂ ಈಗ ಇಲ್ಲ. ಅಜ್ಜನಿಗೆ ಐದು ಜನ ಮಕ್ಕಳು, ಮೊಮ್ಮಕ್ಕಳು ಹದಿನೇಳು. ಅವರಲ್ಲಿ ಕೆಲವರು ಸಂಡೂರಿನಲ್ಲಿ, ಕೆಲವರು ಕಂಪ್ಲಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಎಲ್ಲಿದ್ದಾರೋ ತಿಳಿಯದು. ಅಷ್ಟೂ ಜನ ಸಹಿ ಹಾಕುವವರೆಗೆ ಆ ರೈತರ ಹೊಲಕ್ಕೆ ಹನಿ ನೀರಾವರಿಯ ಸಹಾಯಧನ ಸಿಗುವಂತಿಲ್ಲ. ನಾನು ಅವರಿಗೆ ಯಾವ ತಳಿ ಹೇಳಿದರೆ ತಾನೆ ಏನು ಪ್ರಯೋಜನ?

ಹೊಲ ಸತ್ತವರ ಹೆಸರಿನಲ್ಲಿ ಉಳಿದರೆ ಆಗುವ ನಷ್ಟವನ್ನು ನಾವು ಬೇಸಾಯದ ನಷ್ಟವೆಂದು ಲೆಕ್ಕ ಹಾಕುವುದಿಲ್ಲ. ಆದರೆ ಅದು ಬೇಸಾಯದ ನಷ್ಟವೇ. ಬೆಳೆಸಾಲ ನವೀಕರಣವಾಗುವುದಿಲ್ಲ. ಫ್ರೂಟ್ಸ್ ಸಂಖ್ಯೆ ಸಿಗುವುದಿಲ್ಲ. 2023ರ ಬರಗಾಲದಲ್ಲಿ ಬೆಳೆ ಪರಿಹಾರವನ್ನು ಫ್ರೂಟ್ಸ್ ದಾಖಲೆ ನೋಡಿ ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದರು. ಪಹಣಿಯಲ್ಲಿ ತಮ್ಮ ಹೆಸರಿಲ್ಲದ ಎಷ್ಟೋ ಸಾಗುವಳಿದಾರರು ಕೈ ಖಾಲಿ ನೋಡಿಕೊಂಡರು. ಪ್ರಧಾನಮಂತ್ರಿ ಕಿಸಾನ್ ಯೋಜನೆಗೆ 1-2-2019ರಂದು ಜಮೀನು ಯಾರ ಹೆಸರಿನಲ್ಲಿತ್ತು ಎಂಬುದನ್ನು ಆಧಾರವಾಗಿ ಇಟ್ಟರು. ಆ ದಿನದ ನಂತರ ಹೆಸರು ಬದಲಾದವರಿಗೆ ಹಣವಿಲ್ಲ ಎಂದರೂ, ಖಾತೆದಾರ ತೀರಿಕೊಂಡು ವಾರಸಿನಿಂದ ಬಂದವರಿಗೆ ವಿನಾಯಿತಿ ಕೊಟ್ಟರು. ಆದರೆ ಆ ವಿನಾಯಿತಿ ಪಡೆಯಲು ವಾರಸುದಾರನ ಹೆಸರು ಪಹಣಿಗೆ ಏರಿರಬೇಕಲ್ಲ. ಹೊಸಪೇಟೆ–ಚಿತ್ರದುರ್ಗದ ಹೆದ್ದಾರಿಯ ಪಕ್ಕದಲ್ಲಿ ಹೊಲವಿದ್ದವರಿಗೆ ಭೂಸ್ವಾಧೀನದ ಹಣ ಯಾರ ಕೈಗೆ ಹೋಗಬೇಕೆಂಬ ಜಗಳ ಹೊಸದಲ್ಲ. ಇನ್ನೂ ಹಿಂದಕ್ಕೆ ಹೋದರೆ, ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಂದ ಎದ್ದುಬಂದ ಮನೆತನಗಳು ಈ ಊರಿನಲ್ಲಿವೆ. ಪಟ್ಟಾ ಯಾರ ಹೆಸರಿನಲ್ಲಿ ಇರುತ್ತದೆಯೋ ಪರಿಹಾರದ ಚೀಟಿ ಅವರ ಹೆಸರಿಗೆ ಬರುತ್ತದೆ ಎಂಬುದನ್ನು ಅಂಥ ಮನೆಗಳ ಹಿರಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನನ್ನ ಮನೆಯ ಸಂಗತಿ

ಈ ಮಾತನ್ನು ಹೇಳಲು ನನಗೇನು ಅರ್ಹತೆ ಎಂದು ತಾವು ಕೇಳಬಹುದು. ನಾನು ವಕೀಲನಲ್ಲ. ಆದರೆ ತಪ್ಪು ಮಾಡಿ ಕಲಿತವನು. ಆ ತಪ್ಪನ್ನು ಹೇಳದೆ ಬುದ್ಧಿ ಹೇಳುವುದು ಸರಿಯಲ್ಲವಾದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ತಂದೆಯವರದು 8 ಎಕರೆ 19 ಗುಂಟೆ ಮಸಾರಿ ಹೊಲ, ಅವರ ತಂದೆಯಿಂದ ಬಂದದ್ದು. ತಾಯಿ ಮೊದಲೇ ಹೋಗಿದ್ದರು. ತಂದೆಯವರು 2011ರಲ್ಲಿ ತೀರಿಕೊಂಡರು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಹೊಲ ಮಾಡುವವನು ತಮ್ಮ. ನಾಲ್ಕು ವರ್ಷ ಪಹಣಿ ತಂದೆಯವರ ಹೆಸರಿನಲ್ಲೇ ಉಳಿಯಿತು. 2015ರಲ್ಲಿ ತಮ್ಮ ಹನಿ ನೀರಾವರಿ ಹಾಕಿಸಲು ಹೊರಟಾಗ ಪೌತಿ ಖಾತೆ ಮಾಡಿಸುವ ಮಾತು ಬಂತು. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಒಬ್ಬರು ವಂಶವೃಕ್ಷ ಬರೆಯುತ್ತ, "ಹೆಣ್ಣುಮಗಳು ಮದುವೆಯಾಗಿ ಹೋಗ್ಯಾರಲ್ಲ ಸಾರ್, ಅವರ ಹೆಸರು ಹಾಕಿದರೆ ಅವರ ಸಹಿ, ಅವರ ಆಧಾರ್, ಎಲ್ಲಾ ಬೇಕಾಗ್ತದ. ಬಿಟ್ಟುಬಿಡ್ರಿ," ಎಂದರು. ಬಿಟ್ಟೆವು. ತಂದೆಗೆ ನಾವಿಬ್ಬರೇ ಮಕ್ಕಳು ಎಂದು ಬರೆದ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಿದೆ. ಆಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂಬ ಬಿರುದು ಸೇರಿ ಆರು ವರ್ಷವಾಗಿತ್ತು.

2018ರಲ್ಲಿ ಭಾವ ತೀರಿಕೊಂಡರು. ಅಕ್ಕನಿಗೆ ಕಷ್ಟ ಬಂತು. ಯಾರೋ ಪಹಣಿ ತೆಗೆಸಿ ತೋರಿಸಿದ್ದಾರೆ. ಒಂದು ದಿನ ಮನೆಗೆ ಬಂದು, ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು ಕೇಳಿದಳು: "ತಮ್ಮಾ, ನಮ್ಮಪ್ಪಗೆ ನಾನು ಮಗಳಲ್ಲೇನು?" ಪಾಲಿನ ಮಾತನ್ನು ಆ ದಿನ ಆಕೆ ಎತ್ತಲೇ ಇಲ್ಲ.

ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ತಮ್ಮ ಮಾತ್ರ ಸಿಟ್ಟಿನಿಂದ ಏನೋ ಅಂದ. ಮರುವರ್ಷ ಅಕ್ಕನ ಮಗ ತಾಯಿಯ ಹೆಸರಿನಲ್ಲಿ ಪಾಲಿನ ದಾವೆ ಹಾಕಿಸಿದ. ನ್ಯಾಯಾಲಯ ಯಥಾಸ್ಥಿತಿ ಕಾಪಾಡುವಂತೆ ಆದೇಶ ಮಾಡಿತು. ಜಮೀನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಬ್ಯಾಂಕಿನವರು ಸಾಲ ನವೀಕರಿಸಲಿಲ್ಲ. ಕೊಳವೆಬಾವಿಯ ಮೋಟಾರು ಸುಟ್ಟಿತು. ಯಾರ ಪಾಲಿಗೆ ಹೋಗುತ್ತದೋ ಗೊತ್ತಿಲ್ಲದ ಹೊಲಕ್ಕೆ ತಮ್ಮ ಏಕೆ ಹಣ ಹಾಕಿಯಾನು? ಎಕರೆಗೆ 22–25 ಕ್ವಿಂಟಲ್ ಮೆಕ್ಕೆಜೋಳ ತೆಗೆಯುತ್ತಿದ್ದ ಹೊಲದಲ್ಲಿ ಮಳೆಯ ನೀರಿಗೆ 8 ಕ್ವಿಂಟಲ್ ಬಂತು. ಮುಂದಿನ ವರ್ಷ ಅರ್ಧ ಹೊಲ ಬೀಳು. ಸಹಾಯಧನದ ಹನಿ ಕೊಳವೆಗಳು ಹಿತ್ತಲಲ್ಲಿ ಸುರುಳಿ ಸುತ್ತಿದಂತೆಯೇ ಬಿಸಿಲಿಗೆ ಬಿರುಕುಬಿಟ್ಟವು. ಪಾರ್ಥೇನಿಯಂ ನಿರ್ಮೂಲನದ ಬಗ್ಗೆ ಊರೂರು ತಿರುಗಿ ಭಾಷಣ ಮಾಡುವ ನನ್ನ ಹೊಲದಲ್ಲಿ ಸೊಂಟದೆತ್ತರ ಪಾರ್ಥೇನಿಯಂ ನಿಂತಿತ್ತು.

ಪ್ರಕರಣ ಹೇಗೆ ಮುಗಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಈ ತಪ್ಪಿನಿಂದ ನನಗೆ ಅರ್ಥವಾದ ಮುಖ್ಯ ವಿಷಯ ಇಷ್ಟೇ: ಖಾತೆ ಬದಲಾಯಿಸುವುದೇ ಬೇರೆ, ಹಕ್ಕು ನಿರ್ಧಾರವಾಗುವುದೇ ಬೇರೆ. ನಮ್ಮ ಪಹಣಿಯಲ್ಲಿ ಅಕ್ಕನ ಹೆಸರು ಇರಲಿಲ್ಲ ಎಂಬ ಕಾರಣಕ್ಕೆ ಆಕೆಯ ಪಾಲು ಒಂದು ಗುಂಟೆಯಷ್ಟೂ ಕಡಿಮೆಯಾಗಲಿಲ್ಲ. ಪಹಣಿ ಕಂದಾಯದ ದಾಖಲೆ. ಮಾಲೀಕತ್ವದ ತಕರಾರನ್ನು ತೀರ್ಮಾನಿಸುವ ಅಧಿಕಾರ ಸಿವಿಲ್ ನ್ಯಾಯಾಲಯಕ್ಕೆ ಮಾತ್ರ ಇದೆ. ಆದುದರಿಂದ ಯಾರ ಹೆಸರನ್ನಾದರೂ ಬಿಟ್ಟು ಖಾತೆ ಮಾಡಿಸಿದರೆ ಜಗಳ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಹೋಗುವಾಗ ಬಡ್ಡಿಯನ್ನೂ ಕಟ್ಟಿಕೊಂಡು ಹೋಗುತ್ತದೆ.

ಹೆಣ್ಣುಮಕ್ಕಳ ಪಾಲು

ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ತಂದೆ ಸ್ವಂತ ದುಡಿದು ಕೊಂಡ ಹೊಲ ಉಯಿಲು ಬರೆಯದೆ ಉಳಿದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮವಾಗಿ ವಾರಸುದಾರರು ಎಂದು ಅದು ಅಂದೇ ಹೇಳಿತು. ಸತ್ತವನ ತಾಯಿ ಬದುಕಿದ್ದರೆ ಆಕೆಗೂ ಒಂದು ಸಮಪಾಲು ಇದೆ. ಇದನ್ನು ಮರೆಯುವವರೇ ಹೆಚ್ಚು. ಮಗ ಮೊದಲು ಹೋಗಿ ಮುದುಕಿ ಉಳಿದ ಮನೆಗಳಲ್ಲಿ ವಂಶವೃಕ್ಷ ಬರೆಯುವಾಗ ಆಕೆಯ ಹೆಸರು ಇದೆಯೇ ಎಂದು ನೋಡಿ.

ಪಿತ್ರಾರ್ಜಿತ ಆಸ್ತಿಯ ವಿಚಾರ ಬೇರೆ. ಅದರಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮಗಳಿಗಿಲ್ಲ ಎಂಬ ನಿಯಮವಿತ್ತು. ನಮ್ಮ ರಾಜ್ಯ ಇಡೀ ದೇಶಕ್ಕಿಂತ ಮೊದಲೇ ಇದನ್ನು ಸ್ವಲ್ಪ ತಿದ್ದಿತು. 1990ರ ಕರ್ನಾಟಕ ತಿದ್ದುಪಡಿ 30-7-1994ರಿಂದ ಜಾರಿಗೆ ಬಂದು ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. "94ರ ಕಾನೂನು" ಎಂದು ನಮ್ಮ ಕಡೆಯವರು ಈಗಲೂ ಹೇಳುವುದು ಇದನ್ನೇ. ಆದರೆ ಅದು ಹಳೆಯ ಮಾತಾಯಿತು. 9-9-2005ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ.

ಈ ತಿದ್ದುಪಡಿಯ ಅರ್ಥವನ್ನು ನಿಗದಿಮಾಡಿದ ಮೊಕದ್ದಮೆಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ದಾನಮ್ಮ ಮತ್ತು ಅಮರ್ ಪ್ರಕರಣವೆಂದು ಅದಕ್ಕೆ ಹೆಸರು. ಮನೆಯ ಹಿರಿಯರು ತೀರಿಕೊಂಡದ್ದು 2001ರಲ್ಲಿ. ಮೊಮ್ಮಗ 2002ರಲ್ಲಿ ಪಾಲಿನ ದಾವೆ ಹಾಕಿದ. ಇಬ್ಬರು ಹೆಣ್ಣುಮಕ್ಕಳು 1956ಕ್ಕಿಂತ ಮೊದಲು ಹುಟ್ಟಿದವರೆಂಬ ಕಾರಣಕ್ಕೆ ಕೆಳಗಿನ ನ್ಯಾಯಾಲಯ ಅವರಿಗೆ ಪಾಲಿಲ್ಲವೆಂದಿತು. ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯ 1-2-2018ರಂದು ಆ ತೀರ್ಪನ್ನು ಬದಲಿಸಿ ಹೆಣ್ಣುಮಕ್ಕಳಿಗೆ ತಲಾ ಐದನೇ ಒಂದು ಪಾಲು ಕೊಟ್ಟಿತು. ದಾವೆ ಹಾಕಿ ಹದಿನಾರು ವರ್ಷ! ಆಮೇಲೆ 11-8-2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನುಳಿದ ಸಂಶಯವನ್ನೂ ತೆಗೆಯಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ.

ಇದಕ್ಕೆ ಒಂದು ಮಿತಿಯಿದೆ. 20-12-2004ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗವನ್ನು ಈಗ ಕೆದಕುವಂತಿಲ್ಲ. "ನಮ್ಮಲ್ಲಿ ಬಾಯಿಮಾತಿನ ಪಾಲು ಆಗಲೇ ಆಗಿತ್ತು" ಎಂದು ಹೇಳುವವರು ಬಹಳ. ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿಲ್ಲದೆ ಆ ಮಾತನ್ನು ನಂಬಬಾರದೆಂದು ಅದೇ ತೀರ್ಪು ಹೇಳಿದೆ.

ಬಳ್ಳಾರಿ ಸೀಮೆಯವರಾದ ನಾವು ಇಲ್ಲಿ ಒಂದು ಕಹಿ ಸಂಗತಿಯನ್ನೂ ನೆನೆಯಬೇಕು. ಗಂಡು ಸಂತಾನವಿಲ್ಲದ ಕೆಲವು ಮನೆಗಳಲ್ಲಿ ಮಗಳನ್ನು ಬಸವಿ ಬಿಡುವ ಪದ್ಧತಿಯಿತ್ತು. ಬಸವಿಯಾದವಳು ಮದುವೆಯಾಗಿ ಹೊರಗೆ ಹೋಗುವಂತಿಲ್ಲ. ಬದಲಿಗೆ ಆಕೆಗೆ ಮಗನಂತೆ ಆಸ್ತಿಯ ಹಕ್ಕು. ಮನೆ, ಹೊಲ ಹೊರಗಿನವರ ಪಾಲಾಗಬಾರದು ಎಂಬ ಆಸೆಗೆ ಒಂದು ಹೆಣ್ಣಿನ ಬಾಳನ್ನು ತೆತ್ತಂತಾಯಿತು. 1982ರ ಕಾಯಿದೆ ದೇವರಿಗೆ ಬಿಡುವುದನ್ನೇ ನಿಷೇಧಿಸಿತು. ಮಗಳಾಗಿ ಹುಟ್ಟಿದ್ದೇ ಸಾಕು, ಪಾಲು ಸಿಗುತ್ತದೆ ಎಂದು ಇಂದಿನ ಕಾನೂನು ಹೇಳುತ್ತದೆ. ಅದನ್ನು ಕಾಗದದ ಮೇಲೆ ಬರೆಯಲು ನಾವು ಹಿಂದೆಮುಂದೆ ನೋಡುತ್ತೇವೆ.

ಅಕ್ಕತಂಗಿಯರು "ನಮಗೆ ಬೇಡ, ತವರು ಚೆನ್ನಾಗಿದ್ದರೆ ಸಾಕು" ಎನ್ನುವುದೂ ಉಂಟು. ಮನಸಾರೆ ಹೇಳಿದರೆ ಸಂತೋಷ. ಆದರೆ ಅರಿಶಿನ ಕುಂಕುಮಕ್ಕೆಂದು ಐದು ಸಾವಿರ ಕೊಟ್ಟು ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ನಿಲ್ಲುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಏನು ಬಿಟ್ಟುಕೊಡುತ್ತಿದ್ದೇನೆ, ಅದರ ಬೆಲೆ ಎಷ್ಟು ಎಂದು ಆಕೆಗೆ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಬೇಕು.

ಮುಸಲ್ಮಾನ ಬಾಂಧವರಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅವರ ಧರ್ಮಶಾಸ್ತ್ರದ ಪ್ರಕಾರ ಪಾಲುಗಳು ಬೇರೆ; ಉಯಿಲನ್ನು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಾತ್ರ ಬರೆಯಬಹುದು. ಅದನ್ನು ತಿಳಿದ ವಕೀಲರನ್ನೇ ಕೇಳಬೇಕು.

ಬದುಕಿರುವಾಗ ಮಾಡಬೇಕಾದ ಕೆಲಸ

ಹಿರಿಯರು ಬದುಕಿರುವಾಗ ಈ ಮಾತು ಎತ್ತಿದರೆ ಅಪಶಕುನ ಎಂಬ ಭಾವನೆ ಇದೆ. ಬಿತ್ತನೆಗೆ ಮೊದಲು ಬೀಜೋಪಚಾರ ಮಾಡಿ ಎಂದರೆ ರೋಗ ಬರಲಿ ಎಂದು ಹಾರೈಸಿದಂತಾಗುವುದೇ? ಮನೆಯ ಹಿರಿಯರೇ ಮಾತು ತೆಗೆಯುವುದು ಲೇಸು.

ದಾರಿಗಳು ಮೂರು. ಎಲ್ಲರೂ ಒಪ್ಪಿದರೆ ವಿಭಾಗ ಪತ್ರ ಮಾಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಅತ್ಯುತ್ತಮ. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ 11-ಇ ನಕ್ಷೆ ಮೊದಲು ಮಾಡಿಸಬೇಕು. ಅಳತೆಗೆ ಸಮಯ ಹಿಡಿಯುತ್ತದೆ, ಬೇಸಿಗೆಯಲ್ಲೇ ಅರ್ಜಿ ಹಾಕಿ.

ಎರಡನೆಯದು ದಾನಪತ್ರ. ಇದರಲ್ಲಿ ಎಚ್ಚರ ಬೇಕು. ದಾನಪತ್ರ ನೋಂದಣಿಯಾದ ದಿನವೇ ಹೊಲ ಕೈಬಿಟ್ಟುಹೋಯಿತು. ಎಲ್ಲವನ್ನೂ ಮಗನಿಗೆ ಬರೆದುಕೊಟ್ಟು ಆಮೇಲೆ ಊಟಕ್ಕೆ ಅವನ ಬಾಗಿಲು ನೋಡಿದ ಹಿರಿಯರನ್ನು ತಾವೂ ಕಂಡಿದ್ದೀರಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದುಮಾಡಬಹುದು. ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಬಾಯಲ್ಲಿ ಹೇಳಿದ್ದನ್ನು ರುಜುವಾತು ಮಾಡುವುದು ಕಷ್ಟ.

ಮೂರನೆಯದು ಮರಣ ಶಾಸನ ಅಥವಾ ಉಯಿಲು. ಮರಿಯಮ್ಮನಹಳ್ಳಿ ನಾಟಕಕ್ಕೆ ಹೆಸರಾದ ಊರು. ಕಂಪನಿ ನಾಟಕಗಳಲ್ಲಿ ಉಯಿಲು ಕೊನೆಯ ಅಂಕದಲ್ಲಿ, ಪೆಟ್ಟಿಗೆಯ ತಳದಿಂದ, ಖಳನಾಯಕ ಬೆವರುವ ಹೊತ್ತಿಗೆ ಹೊರಬರುತ್ತದೆ. ಸಂಸಾರದಲ್ಲಿ ಮಾತ್ರ ಹಾಗೆ ಹೊರಬಂದ ಉಯಿಲನ್ನು ಯಾರೂ ನಂಬುವುದಿಲ್ಲ. ಅದನ್ನು ನಂಬುವಂತೆ ಮಾಡುವುದು ಬರೆಯುವ ಕ್ರಮ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆಸಿದವರು ಸಹಿ ಹಾಕುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ನೋಡಿ, ಅವರ ಎದುರಿನಲ್ಲಿ ತಾವೂ ಸಹಿ ಹಾಕಬೇಕು. ಸಾಕ್ಷಿಗಳು ತಮಗಿಂತ ಚಿಕ್ಕವರಿರಲಿ, ಏಕೆಂದರೆ ನಾಳೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಒಬ್ಬ ಮಗನಿಗೆ ಕಡಿಮೆ ಕೊಟ್ಟಿದ್ದರೆ ಏಕೆಂಬ ಕಾರಣವನ್ನು ಎರಡು ಸಾಲಿನಲ್ಲಿ ಬರೆಸಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು, ಕೊನೆಯದೇ ಊರ್ಜಿತ.

ಪಿತ್ರಾರ್ಜಿತ ಹೊಲದಲ್ಲಿ ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದೇ ಹೊರತು ಇಡೀ ಹೊಲಕ್ಕಲ್ಲ. ಹಳೆಯ ಉಯಿಲುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಸ್ವಂತ ದುಡಿಮೆಯಿಂದ ಮನೆಯನ್ನೋ ನಿವೇಶನವನ್ನೋ ಮಾಡಿಕೊಂಡ ಹೆಂಗಸರು ಇಲ್ಲಿ ಇದ್ದೀರಿ. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ಹೋದರೆ, ಆಕೆ ದುಡಿದು ಗಳಿಸಿದ್ದು ಮೊದಲು ಹೋಗುವುದು ಗಂಡನ ಕಡೆಯ ವಾರಸುದಾರರಿಗೆ, ಆಕೆಯನ್ನು ಸಾಕಿದ ತಾಯಿಗಲ್ಲ. ತಂದೆತಾಯಿಯಿಂದ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಹಿಂದಿರುಗುತ್ತದೆ. ಇದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಒಂದು ಹಾಳೆಯ ಉಯಿಲು ಬರೆದಿಟ್ಟರೆ ಆ ಪ್ರಶ್ನೆಯೇ ಏಳದು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ ಎಂಬ 1978ರ ಕಾಯಿದೆ ಎಲ್ಲರಿಗೂ ಗೊತ್ತು. ಅದಕ್ಕೆ ಹೆದರಿ ಮನೆಯೊಳಗಿನ ಪಾಲನ್ನೂ ಮಾಡಿಕೊಳ್ಳದೆ ಬಿಟ್ಟವರಿದ್ದಾರೆ. ಕುಟುಂಬದವರ ನಡುವಿನ ವಿಭಾಗವನ್ನೂ ಉಯಿಲನ್ನೂ ಆ ಕಾಯಿದೆ ಪರಭಾರೆ ಎಂದು ಪರಿಗಣಿಸುವುದಿಲ್ಲ.

ಬ್ಯಾಂಕಿನಲ್ಲಿ, ಸಹಕಾರಿ ಸಂಘದಲ್ಲಿ ನಾಮಿನಿ ಬರೆಸಿದ್ದೇವಲ್ಲ ಎನ್ನುತ್ತೀರಿ. ನಾಮಿನಿ ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲ. ಆ ಹಣವೂ ವಾರಸುದಾರರಿಗೆ ಹಂಚಿಕೆಯಾಗಬೇಕಾದದ್ದೇ.

ತೀರಿಕೊಂಡ ಮೇಲೆ

ಮರಣವನ್ನು 21 ದಿನದೊಳಗೆ ನೋಂದಾಯಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ನಿನ್ನೆ ಕಂಡ ರೈತರ ಮನೆಯಲ್ಲಿ ಅಜ್ಜನ ಮರಣ ಪ್ರಮಾಣಪತ್ರವೇ ಇಲ್ಲ. ಭೂಕಂದಾಯ ಕಾಯಿದೆಯ 128ನೇ ಕಲಮಿನಂತೆ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಗೆ ಅರ್ಜಿ ಕೊಡಿ. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಎಂಬ ಆಂದೋಲನ ಆರಂಭಿಸಿ, ಗ್ರಾಮ ಆಡಳಿತಾಧಿಕಾರಿಗಳೇ ಸತ್ತವರ ಹೆಸರಿನ ಜಮೀನುಗಳನ್ನು ಹುಡುಕಿಕೊಂಡು ಬರುವಂತೆ ಮಾಡಿತು. ಅವರು ಬಂದಾಗ ಎಲ್ಲ ವಾರಸುದಾರರ ಹೆಸರನ್ನೂ ಹೇಳಿ. ಮೊದಲು ಜಂಟಿ ಖಾತೆ ಆಗಲಿ, ಪಾಲು ಆಮೇಲೆ.

ಇಲ್ಲಿ ತಕರಾರು ಬಂದರೆ, ಅಥವಾ ಉಯಿಲು ಇದೆ ಎಂದು ಒಬ್ಬರು, ಅದು ಸುಳ್ಳು ಎಂದು ಇನ್ನೊಬ್ಬರು ಹೇಳಿದರೆ, ಕಚೇರಿಗೆ ಅಲೆಯುವುದನ್ನು ನಿಲ್ಲಿಸಿ ವಕೀಲರ ಬಳಿ ಹೋಗಿ.

ವಕೀಲರ ನೆರವು

ಪತ್ರ ಬರೆಯುವ ಬಾಂಡ್ ರೈಟರ್ ವಕೀಲನಲ್ಲ. ಅವರಲ್ಲಿ ಅನುಭವಸ್ಥರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆಯನ್ನು ಅವರಿಗೆ ಬಿಡುವುದು, ಔಷಧಿ ಅಂಗಡಿಯವನಿಗೆ ಬೆಳೆಯ ರೋಗ ತೋರಿಸಿದಂತೆ.

ವಕೀಲರಿಗೆ ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಇದೆ. ಅದರ 12ನೇ ಕಲಮನ್ನು ವಿಸ್ತರಣಾ ಕಾರ್ಯಕರ್ತರು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆ ಬರಗಳಂಥ ವಿಪತ್ತಿಗೆ ಸಿಕ್ಕವರು, ಇವರಿಗೆ ಆದಾಯದ ಮಿತಿ ಕೇಳದೆ ಉಚಿತ ನೆರವು ಉಂಟು. ಉಳಿದವರಿಗೆ ಸರ್ಕಾರ ನಿಗದಿಮಾಡಿದ ಆದಾಯ ಮಿತಿ ಇದೆ. ವಕೀಲರ ಶುಲ್ಕವಲ್ಲದೆ ನ್ಯಾಯಾಲಯದ ಶುಲ್ಕ, ದಾಖಲೆಗಳ ನಕಲಿನ ಖರ್ಚು ಸಹ ಇದರಲ್ಲಿ ಸೇರುತ್ತದೆ. ಹೊಸಪೇಟೆಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನ್ಯಾಯಾಧೀಶರೇ ಅದರ ಅಧ್ಯಕ್ಷರು. ಸಾದಾ ಕಾಗದದ ಮೇಲೆ ಅರ್ಜಿ ಕೊಟ್ಟರೆ ಸಾಕು, ಬರೆಯಲು ಬಾರದಿದ್ದರೆ ಅಲ್ಲಿಯೇ ಬರೆದುಕೊಳ್ಳುತ್ತಾರೆ. 15100 ಎಂಬ ಉಚಿತ ದೂರವಾಣಿ ಸಂಖ್ಯೆಯಲ್ಲೂ ವಿಚಾರಿಸಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಅಲ್ಲಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಮ್ಮ ತಾಲ್ಲೂಕಿನ ಸಮಿತಿಯಲ್ಲಿ ಸಲಹೆ ಪಡೆಯಬಹುದು, ಆದರೆ ದಾವೆ ನಡೆಯುವುದು ಹೊಲ ಇರುವ ಕಡೆ.

ವಕೀಲರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮಣ್ಣು ತರದೆ ಮಣ್ಣು ಪರೀಕ್ಷೆ ಮಾಡಿ ಎಂದರೆ ನಾವೇನು ಮಾಡಿಯೇವು? ಈಗಿನ ಪಹಣಿ, ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ನಕಲು, ಋಣಭಾರ ಪತ್ರ, ಮೂಲ ಕ್ರಯಪತ್ರವೋ ಮಂಜೂರಾತಿ ಆದೇಶವೋ ಇದ್ದರೆ ಅದು, ಸತ್ತವರ ಮರಣ ಪತ್ರಗಳು. ಭೂ ನ್ಯಾಯಮಂಡಳಿಯಿಂದ ಬಂದ ಹೊಲವಾದರೆ ಆ ಆದೇಶ ಬಹಳ ಮುಖ್ಯ. 1974ರ ತಿದ್ದುಪಡಿಯ ನಂತರ ಹಿರಿಯಣ್ಣನೊಬ್ಬನೇ ಅರ್ಜಿ ಕೊಟ್ಟು ಅವನ ಹೆಸರಿಗೆ ಬಂದ ಗೇಣಿ ಜಮೀನು ಅವನೊಬ್ಬನದೋ, ಕೂಡುಕುಟುಂಬದ್ದೋ ಎಂಬ ಜಗಳ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಮನೆತನದ ಎಲ್ಲರ ಹೆಸರನ್ನು, ಸತ್ತವರದೂ ಸೇರಿ, ಹುಟ್ಟಿದ ಮತ್ತು ಸತ್ತ ವರ್ಷಗಳೊಡನೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂಲ ಪತ್ರಗಳನ್ನು ತೋರಿಸಿ, ನಕಲು ಕೊಡಿ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ. ಶುಲ್ಕ ಎಷ್ಟು ಎಂದು ಮೊದಲೇ ಕೇಳಲು ಸಂಕೋಚ ಬೇಡ. ಮುಖ್ಯವಾಗಿ, ವಕೀಲರಿಂದ ಏನನ್ನೂ ಮುಚ್ಚಿಡಬೇಡಿ. ಅಕ್ಕನನ್ನು ಬಿಟ್ಟು ಸಹಿ ಹಾಕಿದ್ದೇವೆ ಎಂಬುದನ್ನು ನಮ್ಮ ವಕೀಲರಿಗೆ ನಾನು ಹೇಳಿದ್ದು ಮೂರನೆಯ ಭೇಟಿಯಲ್ಲಿ.

ಅಕ್ಕನಿಗೆ ವಕೀಲರನ್ನು ಕೊಟ್ಟದ್ದು ಕಾನೂನು ಸೇವಾ ಸಮಿತಿ. ಸಂಬಳದವನಾದ ನನಗೆ ಆ ಸವಲತ್ತು ಇರಲಿಲ್ಲ. ಎರಡು ವರ್ಷ ದಿನಾಂಕಗಳು ಮುಂದೆ ಹೋದವು. 2021ರಲ್ಲಿ ಪ್ರಕರಣ ಲೋಕ ಅದಾಲತ್ತಿಗೆ ಬಂತು. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿದ್ದು ಡಿಕ್ರಿಗೆ ಸಮಾನ, ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು. ಅಲ್ಲಿ ಕುಳಿತ ಹಿರಿಯ ನ್ಯಾಯಾಧೀಶರು ಕೇಳಿದ ಮೊದಲ ಪ್ರಶ್ನೆ, "ಹೊಲ ಮಾಡುವವರು ಯಾರು?" ಲೆಕ್ಕದ ಪ್ರಕಾರ ತಲಾ 2 ಎಕರೆ 33 ಗುಂಟೆ. ಮೂರು ತುಂಡು ಮಾಡಿದರೆ ಕೊಳವೆಬಾವಿ ಒಬ್ಬರ ಪಾಲಿಗೆ, ದಾರಿ ಇನ್ನೊಬ್ಬರ ಪಾಲಿಗೆ. ಪಾಲಿನ ಹಕ್ಕು ಇದೆ ಎಂದಮಾತ್ರಕ್ಕೆ ಹೊಲವನ್ನು ಚೂರು ಮಾಡಲೇಬೇಕೆಂದಿಲ್ಲ, ಇದನ್ನು ಬೇಸಾಯಶಾಸ್ತ್ರದವನಾಗಿ ಒತ್ತಿ ಹೇಳುತ್ತೇನೆ. ಅಕ್ಕ ಹುಣಿಸೆ ಮರದ ಬದಿಯ ಒಂದು ಎಕರೆಯನ್ನು ತನಗೆ ಬೇಕೆಂದಳು. ಉಳಿದ 1 ಎಕರೆ 33 ಗುಂಟೆಗೆ ಬೆಲೆ ಕಟ್ಟಿ ನಾಲ್ಕು ವರ್ಷದ ಕಂತಿನಲ್ಲಿ ಹಣ ಕೊಡುವುದೆಂದಾಯಿತು. ಅದರಲ್ಲಿ ಅರ್ಧ ನಾನು ಕೊಟ್ಟೆ. ಸಹಿ ಹಾಕಿದವನು ನಾನೂ ಹೌದಲ್ಲ. ನನ್ನ ಪಾಲನ್ನು ನೋಂದಾಯಿತ ಪತ್ರದಿಂದ ತಮ್ಮನಿಗೆ ಬಿಟ್ಟೆ. ಹೊಲ ಈಗ ಎರಡೇ ತುಂಡು.

ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಲು ಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ ಉಂಟು. ಉತ್ತರಾಧಿಕಾರ ಕಾಯಿದೆಯ ಈ 22ನೇ ಕಲಮು ಕೃಷಿ ಜಮೀನಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ಇನ್ನು ಅಕ್ಕನ ಪಾಲನ್ನು ಗೇಣಿಗೆ ಮಾಡುತ್ತೇನೆ ಎನ್ನುವವರು ಭೂಸುಧಾರಣಾ ಕಾಯಿದೆ ಗೇಣಿಯನ್ನು ನಿಷೇಧಿಸಿದೆ ಎಂಬುದನ್ನು ನೆನಪಿಟ್ಟು, ಏನು ಬರೆದುಕೊಳ್ಳಬೇಕೆಂದು ಮೊದಲು ವಕೀಲರನ್ನು ಕೇಳಿ.

ಕೊನೆಯ ಕಂತು ಕೊಟ್ಟದ್ದು ಹೋದ ವರ್ಷದ ಯುಗಾದಿಗೆ. ಅಕ್ಕ ಆ ಒಂದು ಎಕರೆಯಲ್ಲಿ ಸಜ್ಜೆ ಮತ್ತು ತೊಗರಿಯನ್ನು ಅಕ್ಕಡಿ ಹಾಕಿದ್ದಾಳೆ. ತೊಗರಿ ಸಾಲಿನ ಅಂತರ ಸಾಲದು ಎಂದು ನಾನು ಹೇಳಿದ್ದನ್ನು ಕೇಳಲಿಲ್ಲ. ಬೆಳೆ ಚೆನ್ನಾಗಿಯೇ ಬಂದಿದೆ.

ಊಟಕ್ಕೆ ಏಳುವ ಮೊದಲು, ಪಹಣಿ ತಂದಿರುವವರು ಹೆಸರಿನ ಅಂಕಣವನ್ನು ಒಮ್ಮೆ ನೋಡಿಕೊಳ್ಳಿ. ಸತ್ತವರ ಹೆಸರು ಇರುವವರು ಕೈ ಎತ್ತಿದರೆ, ಅರ್ಜಿಯ ಮಾದರಿಗಳನ್ನು ವಿಸ್ತರಣಾ ಮಿತ್ರರು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಮಣ್ಣಿನ ಮಾದರಿ ತಂದವರು ಚೀಲದ ಮೇಲೆ ಸರ್ವೆ ನಂಬರನ್ನು ಬರೆದು ಅದೇ ಮೇಜಿನ ಕೆಳಗೆ ಇಡಬಹುದು.